ತೈಮಿಗೆ ಬಿದ್ದ ಓಟುಗಳು

ಪೋರ್ಟ್ ಕ್ಯಾಲಿಸ್ಟರಿನ ತೈಮಿ ರೌತಿಯೊ ಆರು ಸಲ ಚುನಾವಣೆ ಗೆದ್ದವಳು. ಆ ಆರು ಗೆಲುವಿನಲ್ಲಿ ಅವಳಿಗೆ ಬಿದ್ದ ಓಟುಗಳನ್ನೆಲ್ಲ ಕೂಡಿದರೆ ಸೊನ್ನೆ.

ಮೋಸವೇನಿಲ್ಲ. ನಮ್ಮೂರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಮೇಯರಿಗೂ ಕೌನ್ಸಿಲರುಗಳಿಗೂ ಶಾಲಾ ಮಂಡಳಿಯ ಟ್ರಸ್ಟಿಗೂ ಒಂದೇ ಚೀಟಿಯಲ್ಲಿ ಓಟು ಹಾಕುತ್ತೇವೆ. ಚೀಟಿಯ ತಲೆಯಲ್ಲಿ ಮೇಯರು. ಆ ಕುರ್ಚಿಗೆ ಜನ ಮುಗಿಬೀಳುತ್ತಾರೆ. ನಡುವಿನಲ್ಲಿ ಕೌನ್ಸಿಲರುಗಳು, ಅಲ್ಲಿ ಹೆಸರಿನ ಸಾಲು ಹನುಮಂತನ ಬಾಲ. ಚೀಟಿಯ ಪಾದದಲ್ಲಿ ಟ್ರಸ್ಟಿ. ಅಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ನಿಲ್ಲುವವರಿಗೂ ಉಸಿರಿಲ್ಲ, ಓಟು ಹಾಕುವವರಿಗೂ ಉಸಿರಿಲ್ಲ. ಆಗಸ್ಟಿನ ಮೂರನೇ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ನಾಮಪತ್ರದ ಗಡುವು ಮುಗಿದಾಗ ಉತ್ತರ ವಲಯದ ಟ್ರಸ್ಟಿ ಸ್ಥಾನಕ್ಕೆ ಪ್ರತಿ ಸಲವೂ ಒಂದೇ ಹೆಸರು ಇರುತ್ತಿತ್ತು. ಒಬ್ಬರೇ ಇದ್ದರೆ ಚುನಾವಣೆ ಯಾಕೆ? ಅವಿರೋಧ ಆಯ್ಕೆ. ತೈಮಿ ಹೋಗಿ ಕೂರುತ್ತಿದ್ದಳು, ನಾಲ್ಕು ವರ್ಷ ಏಳುತ್ತಿರಲಿಲ್ಲ.

"ಅವಿರೋಧ ಅಂದ್ರೆ ಏನು ಗೊತ್ತೇನೇ?" ಎಂದು ಪಕ್ಕದ ಮನೆಯ ಸ್ಟೆಫ್ಕಾ ಕೇಳುತ್ತಿದ್ದಳು. ಉಕ್ರೇನಿನ ಕಡೆಯವಳು, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬನ್ನು ತಟ್ಟೆಗಟ್ಟಲೆ ತಂದು ಕೊಡುವವಳು, ಕಡುಬಿನ ಜೊತೆ ಕೊಂಕನ್ನೂ ಬಡಿಸುವವಳು. "ನೀನು ಬೇಕು ಅಂತ ಯಾರೂ ಹೇಳ್ಲಿಲ್ಲ. ಬೇಡ ಅನ್ನೋಕೆ ಯಾರಿಗೂ ಪುರುಸೊತ್ತಿರ್ಲಿಲ್ಲ. ಅಷ್ಟೇ."

"ಹಾಗಾದ್ರೆ ನೀನೇ ನಿಂತ್ಕೊಳ್ಳೇ ನನ್ನ ವಿರುದ್ಧ."

"ನಾನು ಕ್ಯಾಥೊಲಿಕ್ ಶಾಲೆಗಳ ಬೇರೆ ಮಂಡಳಿಗೆ ಓಟು ಹಾಕೋಳಮ್ಮಾ. ನಿನ್ನ ವಿರುದ್ಧ ನಿಲ್ಲೋಕೂ ನಂಗೆ ಬರಲ್ಲ, ನಿಂಗೆ ಓಟು ಹಾಕೋಕೂ ಬರಲ್ಲ. ನಂಗೆ ಮಾತಾಡೋಕೆ ಮಾತ್ರ ಬರುತ್ತೆ."

ತೈಮಿ ನಗುತ್ತಿದ್ದಳು. ಫಿನ್ಲೆಂಡಿನಿಂದ ಕಾಡು ಕಡಿಯಲು ಬಂದ ಅಜ್ಜನ ಮೊಮ್ಮಗಳು ಅವಳು. ಆ ಮನೆತನದಲ್ಲಿ ನಗುವನ್ನೂ ಅಳತೆ ಮಾಡಿಯೇ ಖರ್ಚು ಮಾಡುತ್ತಿದ್ದರು. ಇನ್ನು ತನ್ನ ಬಗ್ಗೆ ತಾನೇ ಒಳ್ಳೆಯ ಮಾತಾಡುವುದೆಂದರೆ ಬೀದಿಯಲ್ಲಿ ಬರೀ ಲಂಗದಲ್ಲಿ ಓಡಾಡಿದ ಹಾಗೆ.

ಟ್ರಸ್ಟಿಗಿರಿ ಅವಳಿಗೆ ಸಂಜೆಯ ಕೆಲಸ. ಹಗಲಿನ ಕೆಲಸ ಅಂಚೆ ಹಂಚುವುದು. ಮೂವತ್ತೊಂದು ವರ್ಷ, ಐನೂರ ಹನ್ನೆರಡು ಮನೆ, ಸುಪೀರಿಯರ್ ಸರೋವರದ ಗಾಳಿ ಮುಖಕ್ಕೆ ರಾಚುವ ಆರು ಬೀದಿಗಳು. ಚೀಲ ಹೊತ್ತು ಹೊತ್ತು ಎಡ ಹೆಗಲು ಒಂದು ಬೆರಳು ತಗ್ಗಾಗಿದೆ. ನಿವೃತ್ತಳಾಗಿ ಹತ್ತು ವರ್ಷವಾದರೂ ಊರಿನ ನಾಯಿಗಳು ಅವಳನ್ನು ಕಂಡರೆ ಬೊಗಳುತ್ತವೆ. ತಾಯಿ ನಾಯಿ ಮರಿಗೆ ಹೇಳಿಕೊಟ್ಟು ಸತ್ತಿರಬೇಕು. ಯಾವ ಮನೆಗೆ ಎಲ್ಲಿಂದ ಕಾಗದ ಬರುತ್ತದೆ, ಯಾರಿಗೆ ಬರುವುದು ನಿಂತಿದೆ, ಯಾರ ಮಗಳ ಕಾಗದದ ಮೇಲೆ ಅಳಿಯನ ಹೆಸರು ಬದಲಾಗಿದೆ, ಎಲ್ಲ ಗೊತ್ತು. ಗೊತ್ತಿರುವುದನ್ನು ಗಂಡನ ಹತ್ತಿರವೂ ಹೇಳಿದವಳಲ್ಲ. ಲಕೋಟೆಗೆ ಅಂಟು ಹಾಕಿದ ಹಾಗೆ ಬಾಯಿಗೂ ಹಾಕಿಕೊಂಡಿದ್ದಳು.

ಇಪ್ಪತ್ತನಾಲ್ಕು ವರ್ಷ ಟ್ರಸ್ಟಿಯಾಗಿ ಅವಳು ಏನು ಮಾಡಿದಳು ಎಂದು ಕೇಳಿದರೆ ಊರಿನವರು ಸ್ವಲ್ಪ ಯೋಚಿಸಿ "ಕೈಚೀಲದ ಕಂಬಿ" ಎನ್ನುತ್ತಾರೆ. ಚಳಿಗಾಲದಲ್ಲಿ ಮಕ್ಕಳು ಬೆಳಗ್ಗೆ ಹಿಮದಲ್ಲಿ ಹೊರಳಾಡಿ, ಕೈಗೆ ಹಾಕುವ ಉಣ್ಣೆ ಚೀಲ ತೊಯ್ಯಿಸಿಕೊಂಡು, ಮಧ್ಯಾಹ್ನದ ಬಿಡುವಿಗೆ ಅದೇ ಒದ್ದೆ ಚೀಲ ಹಾಕಿಕೊಂಡು ಹೊರಗೆ ಹೋಗುತ್ತಿದ್ದರು. ತೈಮಿ ಮೂರು ವರ್ಷ ಮಂಡಳಿಯ ಬೆನ್ನು ಬಿದ್ದು ಹದಿನಾಲ್ಕು ಶಾಲೆಗಳ ಪಡಸಾಲೆಯಲ್ಲೂ ಒದ್ದೆ ಚೀಲ ಒಣಹಾಕಲು ಬಿಸಿಗಾಳಿ ಕೊಳವೆಯ ಮೇಲೆ ಕಂಬಿ ಹಾಕಿಸಿದಳು. ಈಗ ನಮ್ಮ ಮಕ್ಕಳ ಕೈ ಮಧ್ಯಾಹ್ನವೂ ಬೆಚ್ಚಗಿರುತ್ತದೆ. ಮಕ್ಕಳು ಅದನ್ನು ದೇವರೇ ಹಾಕಿಸಿದ್ದು ಎಂದುಕೊಂಡಿದ್ದಾರೆ. ತೈಮಿ ತಿದ್ದಲು ಹೋಗಿಲ್ಲ.

ಇಂಥ ತಣ್ಣಗಿನ ಜೀವಕ್ಕೆ ಬಿಸಿ ತಾಗಿಸಿದ್ದು ಎಂಟು ವರ್ಷದ ಮೊಮ್ಮಗಳು ಆಯ್ನೊ. ಜೂನ್ ತಿಂಗಳಲ್ಲಿ ಶಾಲೆಯಲ್ಲಿ "ನಮ್ಮ ಮನೆಯ ನಾಯಕರು" ಅಂತ ಬರೆದುಕೊಂಡು ಬರಲು ಹೇಳಿದ್ದರಂತೆ. ಹುಡುಗಿ ಪೆನ್ಸಿಲ್ ಹಿಡಿದು ಎದುರಿಗೆ ಕೂತಳು.

"ಮುಮ್ಮು, ನೀನು ಎಷ್ಟು ಸಲ ಗೆದ್ದೆ?"

"ಆರು."

"ಎಷ್ಟು ಓಟು ಬಿತ್ತು?"

"ಓಟೇ ನಡೀಲಿಲ್ಲ ಚಿನ್ನ. ಬೇರೆ ಯಾರೂ ನಿಂತಿರ್ಲಿಲ್ಲ."

ಆಯ್ನೊ ಅಜ್ಜಿಯ ಮುಖ ನೋಡಿ, ಪುಸ್ತಕದಲ್ಲಿ ದುಂಡಗೆ ಒಂದು 0 ಬರೆದಳು. ಆಮೇಲೆ ಅಜ್ಜಿಗೆ ಬೇಸರವಾಗದಿರಲಿ ಅಂತ ಅದಕ್ಕೆ ಎರಡು ಕಣ್ಣು, ಒಂದು ನಗುವ ಬಾಯಿ ಬರೆದಳು.

ಆ ಸೊನ್ನೆ ತೈಮಿಯನ್ನು ನೋಡಿ ನಗುತ್ತಲೇ ಇತ್ತು. ಅವಳಿಗೆ ಗೆಲ್ಲಬೇಕೆಂಬ ಆಸೆಯಲ್ಲ. ಗೆದ್ದೂ ಗೆದ್ದೂ ಸಾಕಾಗಿತ್ತು. ಲೆಕ್ಕ ಬೇಕಿತ್ತು. ಈ ಊರಿನಲ್ಲಿ ಎಷ್ಟು ಜನ ಕೈಯಲ್ಲಿ ಪೆನ್ಸಿಲ್ ಹಿಡಿದು, ಚೀಟಿಯ ಕೊನೆಯವರೆಗೆ ಬಂದು, ಬೇಕೆಂದೇ ತನ್ನ ಹೆಸರಿನ ಮುಂದೆ ಗುರುತು ಹಾಕಿಯಾರು? ನೂರು? ಐವತ್ತು? ಸ್ಟೆಫ್ಕಾ ಹೇಳುವ ಹಾಗೆ ಯಾರೂ ಇಲ್ಲವೇ? ವಯಸ್ಸು ಅರವತ್ತೆಂಟು. ಇದೇ ಕೊನೆಯ ಸಲ ಎಂದು ಅವಳು ನಿಶ್ಚಯಿಸಿದ್ದಳು. ಗೊತ್ತಾಗುವುದಾದರೆ ಈಗಲೇ ಗೊತ್ತಾಗಬೇಕು.

ತೈಮಿಗೆ ಟೈಮ್ ಬಂತು. ಆಗಸ್ಟಿನ ಮೂರನೇ ಶುಕ್ರವಾರ, ಎರಡು ಗಂಟೆಗೆ ಇಪ್ಪತ್ತು ನಿಮಿಷ ಬಾಕಿ ಇರುವಾಗ, ಗ್ರೇಡನ್ ಪೆಲ್ಕಿ ಎಂಬ ಮೂವತ್ತಮೂರರ ವಿಮಾ ಏಜೆಂಟ್ ನಗರಸಭೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ನಾಮಪತ್ರ ಕೊಟ್ಟ. ಟ್ರಸ್ಟಿಯಾಗಿ ಶುರುಮಾಡಿ, ಕೌನ್ಸಿಲರಾಗಿ, ಮೇಯರಾಗುವುದು ಅವನ ಯೋಜನೆ. ಚೀಟಿಯನ್ನು ಅವನು ಕೆಳಗಿನಿಂದ ಮೇಲಕ್ಕೆ ಓದುವವನು.

ನಗರಸಭೆಯ ಗುಮಾಸ್ತೆ ಫೋನ್ ಮಾಡಿ ಸಂತಾಪ ಸೂಚಿಸುವ ದನಿಯಲ್ಲಿ ವಿಷಯ ತಿಳಿಸಿದಳು. ತೈಮಿ ಫೋನಿಟ್ಟು ಕನ್ನಡಿಯ ಮುಂದೆ ಹೋಗಿ ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು.

"ಯಾರು ಸತ್ರು?" ಎಂದ ಅವಳ ಗಂಡ ರೆಯ್ನೊ. ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಬಡಗಿ. ದಿನಕ್ಕೆ ಇಪ್ಪತ್ತು ಮಾತಿಗಿಂತ ಹೆಚ್ಚು ಆಡಿದರೆ ಮರುದಿನದ್ದರಲ್ಲಿ ಕಳೆಯುವವನು.

"ಯಾರೂ ಇಲ್ಲ. ನಂಗೆ ವಿರೋಧಿ ಹುಟ್ಟಿದ."

"ಯಾವಾಗ?"

"ಅವನು ಹುಟ್ಟಿದ್ದು ಮೂವತ್ತ್ಮೂರು ವರ್ಷದ ಹಿಂದೆ. ಅವತ್ತು ಬಂದ ಶುಭಾಶಯದ ಕಾರ್ಡುಗಳನ್ನೆಲ್ಲ ನಾನೇ ಹೊತ್ತು ಹಾಕಿದ್ದು. ನಲವತ್ತೊಂದು."

ರೆಯ್ನೊ ಎದ್ದು ಕೊಟ್ಟಿಗೆಗೆ ಹೋದ. ಮೂರು ದಿನ ಕುಯ್ಯುವ ಸದ್ದು. ನಾಲ್ಕನೇ ದಿನ ಬಂದು ನೋಡು ಎಂದ. ನಮ್ಮೂರಿನಲ್ಲಿ ಚುನಾವಣೆ ಎಂದರೆ ಮನೆಮುಂದಿನ ಹುಲ್ಲಿನ ಮೇಲೆ ಬೋರ್ಡು. ಎಲ್ಲರದ್ದೂ ತಂತಿಕಾಲಿನ ತೆಳು ಪ್ಲಾಸ್ಟಿಕ್ಕಿನದು. ರೆಯ್ನೊ ಮಾಡಿದ್ದು ಮೂವತ್ತೆರಡು ಬೋರ್ಡು, ಎರಡು ಬೆರಳು ದಪ್ಪದ ದೇವದಾರು ಹಲಗೆ, ನೆಲದೊಳಗೆ ಎರಡಡಿ ಹೋಗುವ ಕಾಲು. ಮೇಲೆ ಕಾದ ಕಬ್ಬಿಣದಲ್ಲಿ ಸುಟ್ಟು ಬರೆದ ಒಂದೇ ಪದ: ರೌತಿಯೊ.

"ಬಣ್ಣ ಯಾಕೆ ಹಾಕ್ಲಿಲ್ಲ?"

"ಸೌನಾದ ಬೆಂಚು ಕೊಳೆತಿದೆ," ಎಂದ ರೆಯ್ನೊ. ಫಿನ್ನರ ಮನೆಯಲ್ಲಿ ದೇವರ ಕೋಣೆ ಇರದಿದ್ದರೂ ಸೌನಾ ಎಂಬ ಬಿಸಿಹಬೆಯ ಕೋಣೆ ಇದ್ದೇ ಇರುತ್ತದೆ. "ಚುನಾವಣೆ ಮುಗಿದ್ಮೇಲೆ ಇದರಲ್ಲೇ ಹೊಸದು ಮಾಡ್ತೀನಿ. ಬಣ್ಣದ ಮರ ಬಿಸಿಗೆ ನಾತ ಹೊಡೆಯತ್ತೆ."

"ಅಂದ್ರೆ ನಾನು ಸೋಲ್ತೀನಿ ಅಂತ ಲೆಕ್ಕ ಹಾಕ್ಬಿಟ್ಟಿದೀಯ?"

"ಗೆದ್ರೂ ಬೋರ್ಡು ಕೀಳ್ಲೇಬೇಕಲ್ಲೇ."



ಕರಪತ್ರವನ್ನು ತೈಮಿಯೇ ಬರೆದಳು. ಮೊದಲ ಕರಡಿನಲ್ಲಿದ್ದದ್ದು: "ತೈಮಿ ರೌತಿಯೊ. ಬೇರೆ ಯಾರೂ ಹೊಳೆಯದಿದ್ದರೆ ನಾನಿದ್ದೇನೆ." ಸ್ಟೆಫ್ಕಾ ಓದಿ ತಲೆ ಚಚ್ಚಿಕೊಂಡಳು.

"ಇದು ಓಟು ಕೇಳೋ ಮಾತೇನೇ? ಬಸ್ಸಲ್ಲಿ ಸೀಟು ಬಿಟ್ಟುಕೊಡೋ ಮಾತು!"

"ಮತ್ತೆ ಏನು ಬರೀಲಿ?"

"ನಾನು ಒಳ್ಳೇ ಕೆಲಸ ಮಾಡಿದೀನಿ ಅಂತ ಬರಿ."

ತೈಮಿ ಒಂದು ಸಂಜೆಯಿಡೀ ಕೂತು ತಿದ್ದಿದಳು. ಎರಡನೇ ಕರಡು: "ಕೆಲಸ ತೀರಾ ಕೆಟ್ಟದ್ದೇನೂ ಆಗಿಲ್ಲ." ಅದೇ ಅಚ್ಚಾಯಿತು.

ಮನೆಮನೆಗೆ ಹೋಗುವುದು ಇನ್ನೂ ಕಷ್ಟವಾಯಿತು. ಬಾಗಿಲು ಗೊತ್ತಿಲ್ಲ ಎಂದಲ್ಲ, ಅತಿಯಾಗಿ ಗೊತ್ತಿತ್ತು. ಗೇಟು ತೆಗೆದ ಕೂಡಲೇ ಕಾಲು ತಾನಾಗಿ ಅಂಚೆಪೆಟ್ಟಿಗೆಯ ಕಡೆ ಹೋಗುತ್ತಿತ್ತು. ಕೈ ಕರಪತ್ರವನ್ನು ಅದರೊಳಗೆ ಹಾಕುತ್ತಿತ್ತು. ಕಾಲು ಹಿಂದಕ್ಕೆ ತಿರುಗುತ್ತಿತ್ತು. ಒಂದು ಬೀದಿ ಪೂರ್ತಿ ಹನ್ನೆರಡು ನಿಮಿಷದಲ್ಲಿ ಮುಗಿಯಿತು, ಒಬ್ಬರ ಮುಖವನ್ನೂ ನೋಡದೆ.

"ಬೆಲ್ ಒತ್ತೇ ಮಾರಾಯ್ತಿ!" ಎಂದು ಸ್ಟೆಫ್ಕಾ ಫುಟ್‌ಪಾತಿನಿಂದ ಕೂಗಿದಳು.

ಒತ್ತಿದಳು. ಬಾಗಿಲು ತೆಗೆದವನು ಎಂಬತ್ತೆರಡರ ಒವಿಲ್ ವಾಷೋನ್. ಅವಳನ್ನು ಕಂಡು ಮುಖ ಅರಳಿತು.

"ಓಹೋ ತೈಮಿ! ಏನು ತಂದ್ಯಮ್ಮಾ ಇವತ್ತು?"

"ಏನೂ ತಂದಿಲ್ಲ ಒವಿಲ್. ಕೇಳೋಕೆ ಬಂದಿದೀನಿ."

ಹಾಗೆ ಹೇಳಿದ ಮೇಲೆ ಅವಳ ಕಿವಿ ಕೆಂಪಾಯಿತು. ಮೂವತ್ತೊಂದು ವರ್ಷ ಈ ಬಾಗಿಲಿಗೆ ಕೊಡುವುದಕ್ಕೆ ಬಂದವಳು, ಬೇಡುವುದಕ್ಕೆ ಇದೇ ಮೊದಲು. ಒವಿಲ್ ಬೋರ್ಡಿಗೆ ಒಪ್ಪಿದ, ಕಾಫಿ ಕೊಟ್ಟ, ಹೆಂಡತಿ ತೀರಿಕೊಂಡ ವರ್ಷ ಬಂದ ಕಾಗದಗಳನ್ನು ಅವಳು ಪೆಟ್ಟಿಗೆಗೆ ಹಾಕದೆ ಕೈಗೇ ಕೊಟ್ಟಿದ್ದನ್ನು ನೆನೆಸಿಕೊಂಡ. ಅವಳಿಗೆ ಮರೆತೇಹೋಗಿತ್ತು. ಆಮೇಲೆ ಬೆಲ್ ಒತ್ತುವುದು ಸ್ವಲ್ಪ ಸಲೀಸಾಯಿತು.

ಅಕ್ಟೋಬರಿನ ಎರಡನೇ ವಾರ ಕರ್ಲಿಂಗ್ ಕ್ಲಬ್ಬಿನ ಮೇಲುಮಹಡಿಯಲ್ಲಿ ಅಭ್ಯರ್ಥಿಗಳ ಸಭೆ. ಕೆಳಗೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವವರ ಕೇಕೆ, ಮೇಲೆ ಮಾತು ಜಾರಿಸುವವರ ಸಾಲು. ಮೇಯರ್ ಅಭ್ಯರ್ಥಿಗಳು ಒಂದು ಗಂಟೆ ರಸ್ತೆಗುಂಡಿಯೊಳಗೆ ಬಿದ್ದು ಎದ್ದರು. ಟ್ರಸ್ಟಿಗಳಿಗೆ ತಲಾ ಎರಡು ನಿಮಿಷ. ಗ್ರೇಡನ್ ಎದ್ದು ನಿಂತು ಹಲ್ಲೆಲ್ಲ ಹೊಳೆಯುವ ಹಾಗೆ ನಕ್ಕು, ಶಿಕ್ಷಣಕ್ಕೆ ಹೊಸ ದೃಷ್ಟಿ ಬೇಕು ಎಂದ. "ನಾನು ಇದೇ ಊರಿನ ಶಾಲೆಯಲ್ಲಿ ಓದಿ, ಕೇಳಿದ ವಿಶ್ವವಿದ್ಯಾಲಯದಲ್ಲಿ ಮೊದಲ ಏಟಿಗೇ ಸೀಟು ತಗೊಂಡವನು!"

ತೈಮಿ ತಲೆಯೆತ್ತಿ ಅವನನ್ನು ನೋಡಿದಳು. ವಿಶ್ವವಿದ್ಯಾಲಯದ ದಪ್ಪ ಲಕೋಟೆ ಬಂದರೆ ಸೀಟು ಸಿಕ್ಕಿದೆ ಎಂದರ್ಥ, ತೆಳು ಲಕೋಟೆ ಬಂದರೆ ಇಲ್ಲ. ಇದು ಯಾವ ಅಂಚೆಯವರಿಗಾದರೂ ಗೊತ್ತು. ಪೆಲ್ಕಿ ಮನೆಗೆ ಆ ವರ್ಷ ಮೂರು ತೆಳು ಲಕೋಟೆ ಬಂದಿದ್ದವು. ಮೂರನೆಯದನ್ನು ಹಾಕುವಾಗ ಕಿಟಕಿಯಲ್ಲಿ ಕಾಯುತ್ತ ನಿಂತಿದ್ದ ಹುಡುಗನ ಮುಖವೂ ಅವಳಿಗೆ ನೆನಪಿತ್ತು.

"ಏನೇ, ಹಾಗೆ ನೋಡಿದೆ?" ಎಂದು ಸ್ಟೆಫ್ಕಾ ಪಕ್ಕೆ ತಿವಿದಳು. "ಸುಳ್ಳಾ? ಗೊತ್ತಿದ್ರೆ ಈಗ್ಲೇ ಎದ್ದು ಹೇಳೇ!"

"ನಂಗೇನು ಗೊತ್ತು?" ಎಂದು ಹೇಳಿ ತೈಮಿ ಎದ್ದು ತನ್ನ ಎರಡು ನಿಮಿಷದಲ್ಲಿ ನಲವತ್ತು ಸೆಕೆಂಡು ಮಾತಾಡಿದಳು. ಕೈಚೀಲದ ಕಂಬಿ ಇನ್ನೆರಡು ಶಾಲೆಯಲ್ಲಿ ಸಡಿಲವಾಗಿದೆ ಎಂದಳು. ಗ್ರೇಡನ್ ಒಳ್ಳೆಯ ಮನೆತನದ ಹುಡುಗ ಎಂದಳು. ಕೂತಳು. ಸ್ಟೆಫ್ಕಾ ಎರಡು ದಿನ ಮಾತು ಬಿಟ್ಟಳು. ಪೆರೋಗಿ ಮಾತ್ರ ಕಳಿಸಿದಳು.

ಚುನಾವಣೆಗೆ ನಾಲ್ಕು ದಿನವಿರುವಾಗ, ಗುರುವಾರ, ಸರೋವರ ಕೆರಳಿತು. ಅಂಥ ಗಾಳಿಗೆ ನಾವು ಒಗ್ಗಿಹೋದವರು. ಕಸದ ಡಬ್ಬ ಒಳಗಿಟ್ಟು, ಸೂಪು ಬಿಸಿ ಮಾಡಿಕೊಂಡು ಕೂರುತ್ತೇವೆ. ಶುಕ್ರವಾರ ಬೆಳಗ್ಗೆ ಬಾಗಿಲು ತೆಗೆದರೆ ಊರಿನ ರಾಜಕೀಯವೆಲ್ಲ ಚರಂಡಿಯಲ್ಲಿತ್ತು. ಹಾಲಿ ಮೇಯರು ಬೇಲಿಗೆ ನೇತಾಡುತ್ತಿದ್ದ. ಮಾಜಿ ಮೇಯರು ಮೇಪಲ್ ಮರದ ಮೇಲಿದ್ದ. ಕೌನ್ಸಿಲರುಗಳು ಗುಂಪುಗುಂಪಾಗಿ ಹಾಕಿ ಆಟದ ಮೈದಾನದ ಬಲೆಗೆ ಅಂಟಿದ್ದರು. ನಿಂತಿದ್ದದ್ದು ಮೂವತ್ತೆರಡೇ ಬೋರ್ಡು, ಎಲ್ಲದರ ಮೇಲೂ ರೌತಿಯೊ.

"ಈಗ ಮನೇಲಿ ಸುಮ್ನೆ ಕೂತ್ಕೊ," ಎಂದಳು ಸ್ಟೆಫ್ಕಾ ಉತ್ಸಾಹದಿಂದ. "ನಾಲ್ಕು ದಿನ ಊರಲ್ಲಿ ನಿನ್ನ ಹೆಸರೊಂದೇ! ನಿನ್ನ ಗಂಡನ ಬಾಯಲ್ಲಿ ಮಾತಿಲ್ಲ, ಆದ್ರೆ ಕೈಯಲ್ಲಿದೆ ಕಣೇ!"

ತೈಮಿ ಆಗಲೇ ಹಳೆಯ ಅಂಚೆಯ ಜಾಕೆಟ್ ಹಾಕಿಕೊಂಡಾಗಿತ್ತು. ಕೈಯಲ್ಲಿ ರಬ್ಬರ್ ಸುತ್ತಿಗೆ.

"ಎಲ್ಲಿಗೆ?" ಎಂದ ರೆಯ್ನೊ.

"ಹೆಸರು ಬರೆದಿರೋ ವಸ್ತು ರಸ್ತೇಲಿ ಬಿದ್ದಿರಬಾರದು. ಗಾಡಿ ತಗೊಂಡು ಬಾ."

ರೆಯ್ನೊ ತೋಟದ ಕೈಗಾಡಿ ಎಳೆದ, ಅವಳು ಮುಂದೆ ನಡೆದಳು, ಆರು ಬೀದಿ. ಓಟು ಕೇಳಲು ಸುತ್ತಿದ್ದರಿಂದ ಯಾರ ಹುಲ್ಲಿನ ಮೇಲೆ ಯಾರ ಬೋರ್ಡು ಇತ್ತೆಂದು ಅವಳಿಗೆ ಬಾಯಿಪಾಠ. ಹಾಲಿ ಮೇಯರನ್ನು ಬೇಲಿಯಿಂದ ಬಿಡಿಸಿ ಹದಿನೆಂಟನೇ ನಂಬರಿಗೆ, ಮಾಜಿಯನ್ನು ಮರದಿಂದ ಇಳಿಸಿ ಇಪ್ಪತ್ತಮೂರಕ್ಕೆ. ಗ್ರೇಡನ್ ಪೆಲ್ಕಿಯನ್ನೂ ಎಲ್ಲಿದ್ದನೋ ಅಲ್ಲೇ ಒರೆಸಿ ನೆಟ್ಟಳು.

"ನೀನೇ ಅವನಿಗೆ ಪ್ರಚಾರ ಮಾಡ್ತಿದೀಯಲ್ಲೇ," ಎಂದ ರೆಯ್ನೊ. ಅವತ್ತಿನ ಇಪ್ಪತ್ತು ಮಾತಿನಲ್ಲಿ ಕಾಲುಪಾಲು ಮುಗಿಯಿತು.

"ಪ್ರಚಾರ ಅಲ್ಲ. ಬಟವಾಡೆ."

ಬರ್ಚ್ ಬೀದಿಯ ಕೊನೆಯಲ್ಲಿ, ಪೊದೆಯ ಬುಡದಲ್ಲಿ, ಗ್ರೇಡನ್ನನ ಹನ್ನೊಂದು ಬೋರ್ಡು ಒಂದರ ಮೇಲೊಂದು ಸಿಕ್ಕವು. ಇವು ಯಾವ ಮನೆಯವು? ತೈಮಿ ನಿಂತು ಯೋಚಿಸಿದಳು. ಅವಳ ನೆನಪಿನಲ್ಲಿ ಇಲ್ಲ. ವಿಳಾಸವಿಲ್ಲದ ಟಪಾಲು. ಅಂಥದ್ದು ಬಂದಾಗ ಒಳ್ಳೆಯ ಅಂಚೆಯವಳು ಏನು ಮಾಡುತ್ತಾಳೆ? ಊಹಿಸುತ್ತಾಳೆ. ಮೂವತ್ತೇಳನೇ ನಂಬರಿಗೆ ಹಿಂದೆ ವಿಮಾ ಕಂಪನಿಯ ಕ್ಯಾಲೆಂಡರ್ ಬರುತ್ತಿತ್ತು, ಅವರು ಗ್ರೇಡನ್ನನ ಗಿರಾಕಿಗಳೇ ಇರಬೇಕು. ನಲವತ್ತೊಂದರವರಿಗೆ ಪೆಲ್ಕಿಯ ತಾಯಿಯಿಂದ ಕ್ರಿಸ್ಮಸ್ ಕಾರ್ಡು ಬರುತ್ತಿತ್ತು. ನಲವತ್ತಾರಕ್ಕೆ ಯುವ ಉದ್ಯಮಿಗಳ ಪತ್ರಿಕೆ. ಹೀಗೆ ಹತ್ತು ವರ್ಷ ಹಳೆಯ ಟಪಾಲಿನ ನೆನಪಿನ ಮೇಲೆ ಹನ್ನೊಂದು ಮನೆ ಆರಿಸಿ, ಹನ್ನೊಂದನ್ನೂ ನೆಟ್ಟಳು. ಫಿನ್ನರ ಭಾಷೆಯಲ್ಲಿ ತೈಮಿ ಎಂದರೆ ಸಸಿ; ಅವತ್ತು ಸಸಿಯೇ ನೆಡುವ ಕೆಲಸ ಹಿಡಿದಿತ್ತು. ಹೆಗಲು ನೋಯುತ್ತಿತ್ತು, ಮನಸ್ಸು ಹಗುರವಾಗಿತ್ತು.

ಆ ಹನ್ನೊಂದು ಮನೆಗಳಲ್ಲಿ ಆದದ್ದು ನಮ್ಮೂರಿನಲ್ಲಿ ಮಾತ್ರ ಆಗುವಂಥದ್ದು. ಸಂಜೆ ಗಂಡ ಕೆಲಸದಿಂದ ಬಂದು ಹುಲ್ಲಿನ ಮೇಲೆ ಪೆಲ್ಕಿಯ ಬೋರ್ಡು ನೋಡಿದ. ಹೆಂಡತಿ ಒಪ್ಪಿರಬೇಕು ಎಂದುಕೊಂಡು ಸುಮ್ಮನಾದ. ಹೆಂಡತಿ ನೋಡಿದಳು. ಗಂಡ ಮಾತು ಕೊಟ್ಟಿರಬೇಕು ಎಂದು ಸುಮ್ಮನಾದಳು. ಕಿತ್ತುಹಾಕೋಣವೆಂದರೆ ಪಾಪ, ಆ ಹುಡುಗನಿಗೆ ಏನೆನ್ನಿಸೀತು? ಹನ್ನೊಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ, ಒಬ್ಬರೂ ಕೀಳಲಿಲ್ಲ.

ಸೋಮವಾರ ಪ್ರಾಥಮಿಕ ಶಾಲೆಯ ಆಟದ ಮನೆಯಲ್ಲಿ ಓಟು. ತೈಮಿ ಚೀಟಿ ಹಿಡಿದು ಮರೆಯೊಳಗೆ ಹೋದಳು. ಮೇಯರಿಗೆ ಗುರುತು ಹಾಕಿದಳು, ಕೌನ್ಸಿಲರುಗಳಿಗೆ ಹಾಕಿದಳು, ಕೆಳಗೆ ಬಂದಳು. ಅಚ್ಚಾದ ಅಕ್ಷರದಲ್ಲಿ ತನ್ನ ಹೆಸರು, ಮೊದಲ ಸಲ. ಆರು ಚುನಾವಣೆಯಲ್ಲಿ ಒಮ್ಮೆಯೂ ಅದು ಚೀಟಿಯ ಮೇಲೆ ಬಂದಿರಲಿಲ್ಲ. ಬಲು ಹೊತ್ತು ನೋಡಿದಳು. ಪೆನ್ಸಿಲ್ ಹತ್ತಿರ ಒಯ್ದಳು. ತಟ್ಟೆಯಲ್ಲಿರುವ ಕೇಕಿನ ದೊಡ್ಡ ಚೂರಿಗೆ ತಾನೇ ಮೊದಲು ಕೈ ಹಾಕಿದ ಹಾಗೆನಿಸಿತು. ಎದುರಾಳಿಗೆ ಹಾಕುವಷ್ಟು ಸಂತಳೂ ಅವಳಲ್ಲ. ಆ ಜಾಗ ಖಾಲಿ ಬಿಟ್ಟು, ಚೀಟಿ ಮಡಿಸಿ ಕೊಟ್ಟು, ಹೊರಗೆ ಬರುವಾಗ ಪಡಸಾಲೆಯ ಕಂಬಿಯನ್ನು ಅಲ್ಲಾಡಿಸಿ ನೋಡಿದಳು. ಗಟ್ಟಿಯಾಗಿತ್ತು.

ರಾತ್ರಿ ಎಂಟಕ್ಕೆ ಮತದಾನ ಮುಗಿಯುತ್ತದೆ. ಅಂಚೆಯವರು ಒಂಬತ್ತಕ್ಕೆ ಮಲಗುತ್ತಾರೆ. "ಏನೇ ಆದ್ರೂ ಎಬ್ಬಿಸಬೇಡ," ಎಂದು ರೆಯ್ನೊಗೆ ಹೇಳಿ ಮಲಗಿದಳು, ಮಲಗಿದ ಹಾಗೆ ನಟಿಸಿದಳು, ನಟಿಸುತ್ತಲೇ ನಿದ್ದೆ ಬಂತು.

ಬೆಳಗ್ಗೆ ಏಳು ಗಂಟೆಗೆ ರೆಯ್ನೊ ಕಾಫಿ ಮಾಡಿ, ಪಕ್ಕದಲ್ಲಿ ಏಲಕ್ಕಿ ಹಾಕಿದ ಬ್ರೆಡ್ಡಿನ ಎರಡು ಚೂರು ಇಟ್ಟುಕೊಂಡು ಕಾದಿದ್ದ. ಕೈಯಲ್ಲೊಂದು ಚೀಟಿ, ರೇಡಿಯೋ ಕೇಳಿ ಬರೆದುಕೊಂಡದ್ದು.

"ಸೋತೆ," ಎಂದ. "ಹದಿನೇಳು ಓಟಿಂದ."

"ಅದಿರ್ಲಿ. ನಂಗೆ ಎಷ್ಟು?"

ರೆಯ್ನೊ ಕನ್ನಡಕ ಹಾಕಿಕೊಂಡ. "ಮೂರು ಸಾವಿರದ ನೂರ ಆರು."

ತೈಮಿ ಕುರ್ಚಿ ಎಳೆದು ಕೂತಳು. "ಇನ್ನೊಂದ್ಸಲ ಹೇಳು."

"ಮೂರು ಸಾವಿರದ ನೂರ ಆರು."

ಅವಳ ಹಳೆಯ ಆರು ಬೀದಿಗಳ ಮನೆ ಐನೂರ ಹನ್ನೆರಡು. ಅಂಥ ಆರು ಅಂಚೆಚೀಲ ತುಂಬಿದರೂ ಇನ್ನೂ ಉಳಿಯುವಷ್ಟು. ಅಷ್ಟು ಜನ ಒಬ್ಬೊಬ್ಬರಾಗಿ ಪೆನ್ಸಿಲ್ ಹಿಡಿದು, ಮೇಯರನ್ನು ದಾಟಿ, ಕೌನ್ಸಿಲರುಗಳ ಕಾಡು ದಾಟಿ, ಪಾದದವರೆಗೆ ಇಳಿದು ಬಂದು ತನ್ನನ್ನು ಹುಡುಕಿದ್ದಾರೆ. ಮೂವತ್ತೊಂದು ವರ್ಷ ಊರಿಗೆಲ್ಲ ಕಾಗದ ಕೊಟ್ಟವಳಿಗೆ ಊರೇ ಒಟ್ಟಾಗಿ ಒಂದೇ ದಿನ ಉತ್ತರ ಬರೆದಿತ್ತು.

"ಅಳ್ತಿದೀಯಾ?" ಎಂದ ರೆಯ್ನೊ ಗಾಬರಿಯಿಂದ.

"ಏಲಕ್ಕಿ ಮೂಗಿಗೆ ಹೋಯ್ತು."

ಹತ್ತು ಗಂಟೆಗೆ ಗ್ರೇಡನ್ ಪೆಲ್ಕಿ ಬಂದ. ಗೆದ್ದವನ ಮುಖವಲ್ಲ. ಬೂಟು ಕಳಚಿ, ಕಾಲುಚೀಲದ ತೂತನ್ನು ಇನ್ನೊಂದು ಕಾಲಿಂದ ಮುಚ್ಚಿಕೊಂಡು ನಿಂತ.

"ಮಿಸೆಸ್ ರೌತಿಯೊ, ನಿಮ್ಮತ್ರ ಒಂದು ವಿಷಯ ಹೇಳ್ಬೇಕು. ಗಾಳಿ ಬಂದ ದಿನ ನನ್ನ ಟ್ರಕ್ಕಿಂದ ಹನ್ನೊಂದು ಬೋರ್ಡು ಹಾರಿಹೋಗಿದ್ವು. ಯಾರೂ ಹಾಕಿಸ್ಕೊಳ್ಳದೆ ಉಳಿದಿದ್ದು. ಮಾರನೇ ದಿನ ನೋಡಿದ್ರೆ ಹನ್ನೊಂದೂ ಹನ್ನೊಂದು ಮನೆ ಮುಂದೆ ನಿಂತಿವೆ! ನನ್ನ ಮೇಲೆ ಇಷ್ಟು ಪ್ರೀತಿನಾ ಅಂದ್ಕೊಂಡೆ. ಇವತ್ತು ಬೆಳಗ್ಗೆ ಥ್ಯಾಂಕ್ಸ್ ಹೇಳೋಕೆ ಹೋದೆ."

"ಏನಂದ್ರು?"

"ಮೂವತ್ತೇಳನೇ ನಂಬರಿನವರು ಅಂದ್ರು, 'ಮನೆಮುಂದೆ ನಿನ್ನ ಬೋರ್ಡು ಇಟ್ಕೊಂಡು ಬೇರೆಯವರಿಗೆ ಹಾಕಿದ್ರೆ ಚೆನ್ನಾಗಿರಲ್ಲ ಅಂತ ಮೂರು ಜನಾನೂ ನಿಂಗೇ ಹಾಕಿದ್ವಪ್ಪ' ಅಂತ. ನಲವತ್ತೊಂದರಲ್ಲೂ ಅದೇ ಮಾತು." ಅವನು ಬಾಗಿಲ ಹಿಂದೆ ತೂಗುಹಾಕಿದ್ದ ಜಾಕೆಟ್ಟಿನ ಕಡೆ ನೋಡಿದ. "ನೆಟ್ಟಿದ್ದು ಪೋಸ್ಟಿನ ಜಾಕೆಟ್ ಹಾಕಿದ್ದ ಹೆಂಗಸು ಅಂದ್ರು."

ಹನ್ನೊಂದು ಮನೆ, ಹದಿನೇಳು ಓಟು. ರೆಯ್ನೊ ಬೆರಳು ಮಡಿಚಿ ಲೆಕ್ಕ ಹಾಕಿ, ಹೆಂಡತಿಯನ್ನು ನೋಡಿ, ಒಂದು ಮಾತೂ ಖರ್ಚು ಮಾಡದೆ ಇನ್ನೊಂದು ಬಟ್ಟಲಿಗೆ ಕಾಫಿ ಸುರಿದ. ತೈಮಿಯ ಭುಜ ಮೊದಲು ಅಲುಗಿತು. ಆಮೇಲೆ ಅವಳು ನಕ್ಕಳು. ಅಳತೆ ಮಾಡದೆ, ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಾನು ಗುಮಾಸ್ತರ ಹತ್ರ ಹೋಗಿ ಹೇಳ್ಲಾ?" ಎಂದ ಗ್ರೇಡನ್.

"ಏನಂತ ಹೇಳ್ತೀಯಪ್ಪಾ? ವಿರೋಧಿ ನನ್ನ ಬೋರ್ಡು ನೆಟ್ಟಳು ಅಂತಾನಾ? ಪೆನ್ಸಿಲ್ ಹಿಡ್ದಿದ್ದು ಅವರ ಕೈ, ನನ್ನದಲ್ಲ. ಕೂತ್ಕೊ."

ಅವಳು ಒಳಗೆ ಹೋಗಿ ಒಂದು ಬೂಟಿನ ಪೆಟ್ಟಿಗೆ ತಂದಿಟ್ಟಳು. ಅದರ ತುಂಬ ಚೀಟಿಗಳು: ಯಾವ ಶಾಲೆಯ ಜವಾನನಿಗೆ ಮೊದಲು ಹವಾಮಾನ ಮಾತಾಡಿ ಆಮೇಲೆ ಕೆಲಸ ಹೇಳಬೇಕು, ಯಾವ ಬಸ್ ಡ್ರೈವರಿಗೆ ಬೆಳಗ್ಗೆ ಫೋನ್ ಮಾಡಬಾರದು, ಎಲ್ಲೆಲ್ಲಿ ಕಂಬಿ ಸಡಿಲ.

"ಹಿಮ ಬೀಳೋದ್ರೊಳಗೆ ಎರಡು ಕಂಬಿ ಸರಿಮಾಡಿಸು. ಬೇರೆ ಏನು ದೃಷ್ಟಿ ತರ್ತೀಯೋ ನಿನ್ನಿಷ್ಟ."

ಗ್ರೇಡನ್ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಎದ್ದ. ಹೋಗುವಾಗ ಬಾಗಿಲಲ್ಲಿ ನಿಂತ.

"ಕ್ಲಬ್ಬಲ್ಲಿ ನಾನು ಸೀಟಿನ ಮಾತು ಹೇಳ್ದಾಗ ನೀವು ನನ್ನ ನೋಡಿದ್ರಿ. ಆವಾಗ ನೆನಪಾಯ್ತು, ಆ ಲಕೋಟೆಗಳನ್ನ ತಂದಿದ್ದು ಯಾರು ಅಂತ. ನೀವು ಒಂದು ಮಾತು ಅಂದಿದ್ರೆ..."

"ಯಾವ ಲಕೋಟೆ?" ಎಂದಳು ತೈಮಿ.

ಅವನು ಅವಳ ಮುಖ ನೋಡಿದ. ಅಂಟು ಗಟ್ಟಿಯಾಗಿತ್ತು. ಬೂಟು ಹಾಕಿಕೊಂಡು ಹೋದ. ಮುಂದಿನ ವಾರ ಎರಡೂ ಶಾಲೆಯಲ್ಲಿ ಕಂಬಿ ಬಿಗಿಯಾಯಿತೆಂದು ಸುದ್ದಿ.

ಚುನಾವಣೆಯ ವಾರದ ಶನಿವಾರ ಸಂಜೆ ಸೌನಾ ಕಾಯಿಸಿದರು. ರೆಯ್ನೊ ನಾಲ್ಕೇ ದಿನದಲ್ಲಿ ಹೊಸ ಬೆಂಚು ಜೋಡಿಸಿದ್ದ. ಎಲ್ಲ ಹಲಗೆಯನ್ನೂ ಹೆಸರು ಕೆಳಗಾಗುವ ಹಾಗೆ ತಿರುಗಿಸಿ, ಒಂದನ್ನು ಮಾತ್ರ ಮರೆತಿದ್ದ, ಅಥವಾ ಮರೆತ ಹಾಗೆ ಮಾಡಿದ್ದ. ಹೆಂಗಸರ ಸರದಿ ಮೊದಲು. ಸ್ಟೆಫ್ಕಾ ಆ ಹಲಗೆಗೇ ಬೆನ್ನೂರಿ ಅರ್ಧ ಗಂಟೆ ಬೆವರಿ, ಎದ್ದಾಗ ಅವಳ ಬೆನ್ನಿನ ಮೇಲೆ ಸುಟ್ಟ ಅಕ್ಷರಗಳ ಅಚ್ಚು ಕೆಂಪಗೆ, ತಿರುವುಮುರುವಾಗಿ ಮೂಡಿತ್ತು. ತೈಮಿ ಅದರ ಮೇಲೆ ಬೆರಳಾಡಿಸಿದಳು.

"ಏನೇ ಅದು, ಕಚಗುಳಿ?"

"ನನ್ನ ಹೆಸರು," ಎಂದಳು ತೈಮಿ. "ಓಟು ಹಾಕೋಕೆ ಬರದೇ ಇದ್ರೂ ನಿನ್ನ ಬೆಂಬಲ ಸಿಕ್ತಲ್ಲ, ಸಾಕು."

"ಹಾಳಾದವಳೇ! ಸೀಟು ಹೋದ್ಮೇಲೆ ನಿಂಗೆ ಮಾತು ಬಂತು!"

"ಸೀಟೆಲ್ಲಿ ಹೋಯ್ತು? ಇಷ್ಟೊತ್ತು ಅದರ ಮೇಲೇ ಕೂತಿದ್ಯಲ್ಲ."

ಸಾರು ಬಿಸಿಯಾಗುವ ಹೊತ್ತಿಗೆ ಆಯ್ನೊಳ ಫೋನ್ ಬಂತು. ತೈಮಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ತೆಗೆದುಕೊಂಡಳು.

"ಮುಮ್ಮು, ಅಮ್ಮ ಹೇಳಿದ್ಲು, ಈ ಸಲ ನೀನು ಗೆಲ್ಲಲಿಲ್ವಂತೆ."

"ಅದನ್ನ ಆಮೇಲೆ ಹೇಳ್ತೀನಿ. ಆ ಹಳೇ ಪುಸ್ತಕ ಇದೆಯಾ? ಪೆನ್ಸಿಲ್ ತಗೊ. ಆ ಸೊನ್ನೆ ಇದೆಯಲ್ಲ, ಕಣ್ಣು ಬಾಯಿ ಬರೆದಿದ್ದು, ಅದರ ಪಕ್ಕದಲ್ಲಿ ಬರ್ಕೊ. ಮೂರು. ಆಮೇಲೆ ಒಂದು. ಬರೆದ್ಯಾ? ಆಮೇಲೆ ಇನ್ನೊಂದು ಸೊನ್ನೆ. ಅದಕ್ಕೂ ನಗೋ ಬಾಯಿ ಬರಿ. ಆಮೇಲೆ ಆರು."